ಮಧ್ಯಾಹ್ನ ಹೊರಟ ವಿಮಾನದ ನೆರಳು

ನಮ್ಮೂರಿನಿಂದ ಬಿಸಿಲಿನ ಹೊತ್ತಿನಲ್ಲಿ ಹಾರಿಹೋದದ್ದು ತನ್ನ ನೆರಳನ್ನು ಇಲ್ಲಿಯೇ ಬಿಟ್ಟುಹೋಗುತ್ತದೆ. ಮರಳಿ ಬಂದ ದಿನ ತೆಗೆದುಕೊಳ್ಳುತ್ತದೆ. ಶಿವರಾತ್ರಿ ಕಳೆದು ಕೊಕ್ಕರೆಗಳು ಉತ್ತರದ ಕಡೆ ಹೊರಟವೆಂದರೆ ಕೆರೆಯ ಏರಿಯ ಮೇಲೆ, ಅಂಗಳಗಳಲ್ಲಿ, ಮಾಳಿಗೆಗಳ ಮೇಲೆ ಅವುಗಳ ನೆರಳು ಮೊರದಗಲ ಬಿದ್ದುಕೊಂಡಿರುತ್ತದೆ. ನನ್ನ ತಾಯಿ ಅಂಥದ್ದೊಂದು ನೆರಳಿನ ಮೇಲೆ ಮಜ್ಜಿಗೆಯ ಗಡಿಗೆ ಇಡುತ್ತಿದ್ದಳು. ದೀಪಾವಳಿಯ ಸುಮಾರಿಗೆ ಗಡಿಗೆಯ ಕೆಳಗಿನಿಂದ ನೆರಳು ಸರಕ್ಕನೆ ಎದ್ದುಹೋದರೆ, "ಬಂದ್ರವ್ವಾ ಮಾಲಕರು," ಎಂದು ಗಡಿಗೆಯನ್ನು ಒಳಗೆ ಒಯ್ಯುತ್ತಿದ್ದಳು. ಕೆಲವು ನೆರಳುಗಳ ಮಾಲಕರು ಬರುವುದೇ ಇಲ್ಲ. ಅವನ್ನು ತುಳಿಯಬಾರದೆಂದು ನಮಗೆ ಹೇಳಿಕೊಟ್ಟಿದ್ದಾರೆ. ಹಬ್ಬದ ದಿನ ಅವುಗಳ ಮೇಲೆ ಒಂದು ಬೊಗಸೆ ನೀರು ಬಿಡುತ್ತೇವೆ.

ವಿಮಾನಗಳಿಗೂ ಇದೇ ನೇಮ. ನೆಲ ಬಿಟ್ಟೆದ್ದ ವಿಮಾನ ಮೊದಲ ಸಲ ಎಲ್ಲಿ ಬಾಗುತ್ತದೋ ಅಲ್ಲಿ ಅದರ ನೆರಳು ಕಳಚಿ ಬೀಳುತ್ತದೆ. ಅದಕ್ಕಾಗಿ ಇಲ್ಲಿಗೆ ಬಂದ ಪೈಲಟ್‌ಗಳೆಲ್ಲ ಸೂರ್ಯ ಹುಟ್ಟುವ ಮೊದಲೇ ಹೊರಟುಬಿಡುತ್ತಾರೆ. ನೆರಳಿಲ್ಲದ ವಿಮಾನವನ್ನು ಬೇರೆ ಊರಿನ ಜನ ಹತ್ತುವುದಿಲ್ಲವಂತೆ. ಮೆಟ್ಟಿಲಿನ ಹತ್ತಿರ ಬಂದು, ಚಕ್ರದ ಕೆಳಗಿನ ಬರಿಯ ಬಿಸಿಲನ್ನು ನೋಡಿ, ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರಂತೆ. ಆದರೂ ಪ್ರತಿವರ್ಷ ಸಣ್ಣ ಜೆಟ್ ವಿಮಾನಗಳ, ಆಕಾಶ ಟ್ಯಾಕ್ಸಿಗಳ ಸಮ್ಮೇಳನ ನಮ್ಮೂರಿನಲ್ಲಿಯೇ ನಡೆಯುತ್ತದೆ. ಯಾವ ಕಾಲದಲ್ಲೋ ಯಾರೋ ಹಾಕಿಸಿದ ಉದ್ದದ ರನ್‌ವೇ ಇದೆ, ವರ್ಷದ ಮುಕ್ಕಾಲು ಪಾಲು ಮೋಡವಿಲ್ಲದ ಆಕಾಶವಿದೆ, ಒಂದು ದೊಡ್ಡ ಸಭಾಭವನವಿದೆ. ಆ ಸಭಾಭವನದ ಕಾವಲು, ಕಸ, ಕುರ್ಚಿ, ಮೈಕು ಎಲ್ಲ ನನ್ನದು.

ನನಗೆ ಇನ್ನೊಂದು ಕೆಲಸವೂ ತಾನಾಗಿ ಬಂದು ಸೇರಿತು. ನಾನು ಬೆಳೆದದ್ದು ಕಾವ್ಯ ಕೇಳಿಕೊಂಡು. ಅಜ್ಜ ಪದ್ಯ ಓದುತ್ತಿದ್ದ, ನಾನು ಎದುರು ಕುಳಿತು ಹೂಂಗುಟ್ಟುತ್ತಿದ್ದೆ. ಹೂಂಗುಟ್ಟುವುದೆಂದರೆ ತಲೆಯಲ್ಲಾಡಿಸುವುದಲ್ಲ. ಆರು ಸಾಲಿನ ಪದ್ಯದಲ್ಲಿ ಮೂರನೆಯ ಸಾಲು ಉದ್ದ. ಓದುವವನ ಉಸಿರು ಅಲ್ಲಿ ಮುಗಿಯುತ್ತದೆ. ಅವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಪದ್ಯ ಕೆಳಗೆ ಬೀಳದಂತೆ ಹಿಡಿದುಕೊಂಡಿರಬೇಕು. ಅದು ಹೂಂ. ಸಮ್ಮೇಳನದ ಮೊದಲ ವರ್ಷ ಮೈಕಿನ ಪಕ್ಕ ಕುಳಿತಿದ್ದಾಗ ಒಬ್ಬ ಮಹನೀಯರು ಖಾಲಿ ಹಾರಾಟದ ಬಗ್ಗೆ ಮಾತಾಡುತ್ತಿದ್ದರು. ಗಿರಾಕಿಯನ್ನು ಬಿಟ್ಟು ಬರುವಾಗ ಆಕಾಶ ಟ್ಯಾಕ್ಸಿಯಲ್ಲಿ ಯಾರೂ ಇರುವುದಿಲ್ಲ, ಹೋಗುವಾಗ ಗಳಿಸಿದ್ದನ್ನು ಬರುವಾಗ ಆಕಾಶದಲ್ಲಿ ಸುಟ್ಟುಕೊಂಡು ಬರುತ್ತೇವೆ ಎಂದು. ನನಗೆ ಅದು ವಿರಹದ ಪದ್ಯದ ಹಾಗೆಯೇ ಕೇಳಿಸಿತು. ಅವರ ಉಸಿರು ನಿಂತಲ್ಲಿ ನನಗರಿವಿಲ್ಲದೆ "ಹೂಂ" ಎಂದೆ. ಅವರು ನನ್ನ ಕಡೆ ತಿರುಗಿ, ಬರೆದುಕೊಂಡು ಬಂದದ್ದನ್ನು ಬದಿಗಿಟ್ಟು, ಮನಸ್ಸು ಬಿಚ್ಚಿ ಮಾತಾಡಿದರು. ಮರುವರ್ಷದಿಂದ ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ, ಕೊರಳಿಗೊಂದು ಬಿಲ್ಲೆ. ಊರವರು ನನ್ನ ಹೆಸರನ್ನೇ ಮರೆತು ಹೂಂಕಾರಪ್ಪ ಎಂದು ಕರೆಯತೊಡಗಿದರು.

ಇನ್ನು ಆ ನೆರಳಿನ ಮಾತು. ಹತ್ತು ವರ್ಷಗಳ ಹಿಂದಿನ ಮಾತಿರಬೇಕು. ಸಮ್ಮೇಳನಕ್ಕೆ ಬಂದಿದ್ದ ಒಂದು ಬಿಳಿಯ ಸಣ್ಣ ಜೆಟ್ಟನ್ನು ಒಬ್ಬ ಸಾಹುಕಾರ ನಿಂತ ಕಾಲ ಮೇಲೆ ಕೊಂಡುಕೊಂಡ. ಮಗಳ ಮದುವೆಯ ಮುಹೂರ್ತ ತಪ್ಪುತ್ತದೆ, ಈಗಲೇ ಹೊರಡಬೇಕು ಎಂದು ಹಟ ಹಿಡಿದ. ನಡುಹಗಲಿನಲ್ಲಿ ವಿಮಾನ ಎದ್ದಿತು. ರನ್‌ವೇಯ ತುದಿಯ ಬಯಲಿನ ಮೇಲೆ ಬಾಗಿತು. ನೆರಳು ಬಯಲಿನಲ್ಲಿ ಬಿತ್ತು. ಮೂತಿ, ಎರಡು ರೆಕ್ಕೆ, ಬಾಲ, ಎಲ್ಲ ಅಚ್ಚೊತ್ತಿದ ಹಾಗೆ. ಆ ಬಯಲಿನಲ್ಲಿ ವಿಮಾನಗಳ ಭಯಕ್ಕೆ ಗಿಡ ನೆಡುವಂತಿಲ್ಲ, ಕಂಬ ನಿಲ್ಲಿಸುವಂತಿಲ್ಲ, ಚಪ್ಪರ ಹಾಕುವಂತಿಲ್ಲ. ಬಿಚ್ಚಿದ ಕೊಡೆಯನ್ನು ಕಂಡರೂ ಕಾವಲಿನವರು ಸೀಟಿ ಊದುತ್ತಾರೆ. ಅದರ ಒತ್ತಿಗೇ ಉಳ್ಳಾಗಡ್ಡಿಯ ಮಾರ್ಕೆಟ್ಟು. ಬೆಳಗಿನಿಂದ ಉಳ್ಳಾಗಡ್ಡಿ ಆರಿಸುವ ಹೆಂಗಸರಿಗೆ, ಚೀಲ ಹೊರುವ ಗಂಡಸರಿಗೆ ಮಧ್ಯಾಹ್ನ ಬೆನ್ನು ಚಾಚಲು ಒಂದು ತುಂಡು ನೆರಳಿರಲಿಲ್ಲ. ಈಗ ಆಕಾಶವೇ ಹಾಸಿಕೊಟ್ಟಿತು.

ವಾರದೊಳಗೆ ರಾಚವ್ವ ಅಲ್ಲಿ ಕಾವ್ಯ ತೆರೆದಳು. ನಮ್ಮೂರಿನದೇ ಕಾವ್ಯ ಅದು. ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಊರು ಬಿಟ್ಟುಹೋದ ದೊರೆಮಗ ಏಳು ಸೀಮೆ ಅಲೆದು ಮನೆಗೆ ಮರಳುವ ಕಥೆ. ನನ್ನ ಅಜ್ಜನ ನಂತರ ಅದನ್ನು ಪೂರ್ತಿ ಬಲ್ಲವಳು ರಾಚವ್ವ ಒಬ್ಬಳೇ. ದಿನಕ್ಕೆ ನಾಲ್ಕೈದು ಪದ್ಯ ಓದಿ, ಅರ್ಥ ಹೇಳಿ, ನಡುವೆ ಯಾರದೋ ಸೊಸೆಯ ಸುದ್ದಿ ಕೇಳಿ, ಎದ್ದುಹೋಗುತ್ತಿದ್ದಳು. ಅವಳು ನೆರಳಿನ ಮೂತಿಯಲ್ಲಿ ಕೂಡುವುದು. ಹೆಂಗಸರು ಎಡ ರೆಕ್ಕೆ, ಗಂಡಸರು ಬಲ ರೆಕ್ಕೆ. ತಡವಾಗಿ ಬಂದವರು ಬಾಲ. ನಾನು ಹೊಟ್ಟೆಯ ಜಾಗದಲ್ಲಿ, ಅವಳಿಗೆ ಎದುರಾಗಿ. ಸಂಬಂಧ ಕುದುರಿಸುವಾಗ ಸಹ "ಅವರು ಬಲ ರೆಕ್ಕಿ ತುದಿಯವರಲ್ಲ?" ಎಂದು ಕೇಳುವಷ್ಟು ಅದು ಊರಿಗೆ ಒಗ್ಗಿಹೋಗಿತ್ತು. ಕಾವ್ಯಕ್ಕೆ ಎರಡು ಕಟ್ಟಳೆ. ತೆರೆದ ಜಾಗದಲ್ಲಿಯೇ, ತೆರೆದ ನೆರಳಿನಲ್ಲಿಯೇ ಮುಚ್ಚಬೇಕು. ಅರ್ಧ ಪದ್ಯ ಬಾಯಲ್ಲಿಟ್ಟುಕೊಂಡು ಅನ್ನ ಮುಟ್ಟಬಾರದು. ಈ ವರ್ಷ ಸಮ್ಮೇಳನ ಬಂದಾಗ ಕೊನೆಯ ಒಂದೇ ಅಧ್ಯಾಯ ಉಳಿದಿತ್ತು: ದೊರೆಮಗ ಮರಳುವುದು.

ಸಮ್ಮೇಳನ ಎಂದಿನಂತೆ ಚೆನ್ನಾಗಿ ಆರಂಭವಾಯಿತು. ರನ್‌ವೇಯ ಪಕ್ಕ ಸಣ್ಣ ಜೆಟ್‌ಗಳು ಮದುವೆಗೆ ನಿಂತ ಕುದುರೆಗಳ ಹಾಗೆ ಹಾರ ಹಾಕಿಸಿಕೊಂಡು ನಿಂತಿದ್ದವು. ಮುಂದಿನ ವರ್ಷ ಆಕಾಶ ಟ್ಯಾಕ್ಸಿ ಮನೆಮನೆಗೆ ಬರುತ್ತದೆ ಎಂದು ಅಧ್ಯಕ್ಷರು ಹೇಳಿದರು. ಹೋದ ವರ್ಷವೂ ಹೇಳಿದ್ದರು. ಭರವಸೆಯ ಮಾತನ್ನು ಎಷ್ಟು ಸಲ ಕೇಳಿದರೂ ನನಗೆ ಬೇಸರವಿಲ್ಲ; ಹೂಂ ಎಂದೆ. ದೊಡ್ಡ ಕಂಪನಿಯ ಉತ್ತಮಚಂದ್ ಸಾಹೇಬರು ನೂರು ವಿಮಾನಗಳ ಚಿತ್ರ ತೋರಿಸಿ, ಒಂದು ಸೀಟನ್ನು ಒಂದು ಗಂಟೆ ಆಕಾಶದಲ್ಲಿಡಲು ಏನು ಬೀಳುತ್ತದೆ ಎಂದು ಲೆಕ್ಕ ಬಿಡಿಸಿದರು. ಅವರ ನಂತರ ಊಟಕ್ಕೆ ಸ್ವಲ್ಪವೇ ಮೊದಲು ಒಬ್ಬ ಹೆಂಗಸನ್ನು ಕರೆದರು. ಕ್ಯಾಪ್ಟನ್ ಜೆಸಿಂತಾ ಕ್ರಾಸ್ತಾ. ಐವತ್ತು ದಾಟಿದ, ಗಿಡ್ಡ ಕೂದಲಿನ, ಕಡಲ ಕಡೆಯ ಹೆಂಗಸು. ಎಲ್ಲರೂ ವಿಮಾನದಲ್ಲಿ ಬಂದಿದ್ದರೆ ಇವರು ಬಸ್ಸಿನಲ್ಲಿ ಬಂದಿದ್ದರು.

"ನನ್ನ ಹತ್ತಿರ ಇರುವುದು ಒಂದೇ ವಿಮಾನ," ಎಂದು ಅವರು ಶುರು ಮಾಡಿದರು. ಅಡುಗೆಮನೆಯಿಂದ ಮಿರ್ಚಿ ಬಜಿಯ ವಾಸನೆ ಬಂತು. ಒಂದು ಸಾಲು ಎದ್ದಿತು, ಅದರ ಹಿಂದಿನ ಸಾಲೂ ಎದ್ದಿತು. ಸ್ವಲ್ಪ ಹೊತ್ತಿಗೆ ಆ ದೊಡ್ಡ ಭವನದಲ್ಲಿ ಅವರು, ನಾನು, ಮೈಕು. ಅವರು ಕಾಗದ ಮಡಚಿಡಲು ಹೋದಾಗ ನಾನು ಹೂಂ ಎಂದೆ. ಅವರು ನನ್ನನ್ನು ನೋಡಿದರು. "ನೀವು ಊಟಕ್ಕೆ ಹೋಗುವುದಿಲ್ವಾ ಮಾರಾಯ್ರೆ?" ಎಂದರು. "ಪದ್ಯ ನಡೀವಾಗ ಏಳಬಾರ್ದರಿ," ಎಂದೆ.

ಅವರು ನಕ್ಕು, ಮೈಕು ಬಿಟ್ಟು, ವೇದಿಕೆಯ ಮೆಟ್ಟಿಲಿನ ಮೇಲೆ ಕುಳಿತು ಉಳಿದದ್ದನ್ನು ಹೇಳಿದರು. ಆ ಮದುವೆಯ ಸಾಹುಕಾರನ ವಿಮಾನವನ್ನು ಅಂದು ಹಾರಿಸಿದವರು ಇವರೇ. ಆಗ ಅವರು ಸಂಬಳದ ಪೈಲಟ್. ಆ ವಿಮಾನದ ಮೇಲೆ ಅವರಿಗೆ ಜೀವ. ಅದು ಕೈಯಿಂದ ಕೈಗೆ ದಾಟಿ, ಯಾರಿಗೂ ಬೇಡವಾಗಿ, ಒಂದು ಶೆಡ್ಡಿನಲ್ಲಿ ಧೂಳು ಹಿಡಿದಿದ್ದಾಗ, ಇದ್ದದ್ದನ್ನೆಲ್ಲ ಹಾಕಿ ಬಿಡಿಸಿಕೊಂಡಿದ್ದಾರೆ; ಆಕಾಶ ಟ್ಯಾಕ್ಸಿ ನಡೆಸಬೇಕೆಂದು. "ಎಂಜಿನ್ ಚಿನ್ನದ ಹಾಗೆ ಉಂಟು. ಸೀಟು ಹೊಸತು ಹಾಕಿಸಿದೆ. ಆದ್ರೆ ಯಾರೂ ಹತ್ತುವುದಿಲ್ಲ. ಬರ್ತಾರೆ, ಕೆಳಗೆ ನೋಡ್ತಾರೆ, ಹೋಗ್ತಾರೆ. ಒಬ್ಬರು ಅಜ್ಜ ನನಗೇ ಶಿಲುಬೆ ತೋರಿಸಿದರು, ನಾನು ದಿನಾ ಇಗರ್ಜಿಗೆ ಹೋಗುವವಳು." ಇನ್ನೊಬ್ಬ ಪೈಲಟ್ ನಾಳೆ ವಿಮಾನವನ್ನು ಇಲ್ಲಿಗೆ ತರುತ್ತಾನೆ, ನೆರಳನ್ನು ಎತ್ತಿಕೊಂಡು, ನಾಡಿದ್ದು ನಸುಕಿನಲ್ಲಿ ಹೊರಟುಬಿಡುವುದು. ಉತ್ತಮಚಂದ್ ಸಾಹೇಬರು, ನೆರಳು ಕೂಡಿದರೆ ರಾಜಧಾನಿಯಲ್ಲಿ ತಮ್ಮ ವಿಮಾನಗಳ ಜೊತೆ ಓಡಿಸಲು ಅದನ್ನು ಸೇರಿಸಿಕೊಳ್ಳುತ್ತೇನೆ ಎಂದಿದ್ದಾರೆ.

ಅವರು ಉಸಿರು ತೆಗೆದುಕೊಂಡರು. ಆ ಜಾಗದಲ್ಲಿ ಹೂಂ ಬರಬೇಕಿತ್ತು. ನನ್ನ ಗಂಟಲಿನಿಂದ ಬರಲಿಲ್ಲ. "ಬರ್ರಿ," ಎಂದೆ. "ನಿಮ್ಮ ನೆರಳು ತೋರಸ್ತೀನಿ."

ರಾಚವ್ವ ಆಗ ಅರ್ಥ ಹೇಳುತ್ತಿದ್ದಳು. ಕ್ಯಾಪ್ಟನ್ ಸದ್ದಿಲ್ಲದೆ ಹೋಗಿ ಎಡ ರೆಕ್ಕೆಯ ತುತ್ತತುದಿಯಲ್ಲಿ, ಬಿಸಿಲಿಗೂ ನೆರಳಿಗೂ ನಡುವಿನ ಗೆರೆಯ ಮೇಲೆ ಕುಳಿತರು. ನೆಲವನ್ನು ಅಂಗೈಯಿಂದ ಸವರಿದರು. ರಾಚವ್ವನ ಕಣ್ಣಿಗೆ ಏನೂ ತಪ್ಪುವುದಿಲ್ಲ. "ಯಾರವ್ವಾ ನೀ? ಅಂಚಿನ್ಯಾಗ ಯಾಕ ಕುಂತಿ? ಒಳಗ ಸರಿ, ಬಿಸಲು ಹೆಗಲ ಸುಡತೈತಿ."

"ಇರ್ಲಿ ಅಜ್ಜಿ. ಇದರ ತುದಿ ಎಲ್ಲಿವರೆಗೆ ಉಂಟು ಅಂತ ನನಗೆ ಗೊತ್ತುಂಟು."

"ಹೆಂಗ ಗೊತ್ತು?"

"ಇದು ನನ್ನ ವಿಮಾನದ್ದು."

ಬಲ ರೆಕ್ಕೆಯಲ್ಲಿ ಬೀಡಿ ಹಚ್ಚಲು ಹೋದವನು ಕಡ್ಡಿ ಆರಿಸಿದ. ಉಳ್ಳಾಗಡ್ಡಿ ಆರಿಸುವ ಫಾತಿಮಾಬಿ, ಎಂಥ ಹೊತ್ತಿನಲ್ಲಿಯೂ ಬಾಯಿ ಕಟ್ಟದವಳು, "ಹಂಗಾದ್ರ ಇಷ್ಟ ದಿನ ನಾವು ನಿಮ್ಮ ಮನಿಯಾಗ ಕೇಳದ ಮಲಗಿದಂಗಾತು. ಸ್ವಲ್ಪ ಗೊರಕಿನೂ ಹೊಡದೀವಿ, ಮಾಫ್ ಮಾಡ್ರಿ ಬಾಯಾರ," ಎಂದಳು. ಎಲ್ಲರೂ ನಕ್ಕರು. ನಗು ಬೇಗ ಮುಗಿಯಿತು. ಚೀಲ ಹೊರುವವರ ಮುಖಂಡ ದುರ್ಗಪ್ಪ ಕೇಳಿದ: "ಒಯ್ಯಾಕ ಬಂದೀರೇನು?"

ಕ್ಯಾಪ್ಟನ್ ತಮ್ಮ ಕಥೆ ಮತ್ತೆ ಹೇಳಿದರು. ನೆರಳಿಲ್ಲದ್ದಕ್ಕೆ ಯಾರೂ ಹತ್ತುವುದಿಲ್ಲ ಎಂದಾಗ ಫಾತಿಮಾಬಿಗೆ ನಂಬಿಕೆಯೇ ಬರಲಿಲ್ಲ. "ಯಾಕ? ನೆರಳಿನ ಮ್ಯಾಲೆ ಕುಂದರತಾರೇನು, ಕುರ್ಚಿ ಮ್ಯಾಲೆ ಕುಂದರತಾರೇನು?"

"ಅವರಿಗೆ ಹೆದರಿಕೆ."

"ನಮಗೇನು ಹೆದರಿಕಿ? ನಾವು ಹುಟ್ಟಿದಾಗಿಂದ ನೆರಳು ಬಿಟ್ಟು ಹೋದ ಹಕ್ಕಿ ನೋಡೇವಿ. ಎಲ್ಲಾ ಚಂದಾಗಿ ತಿರುಗಿ ಬರತಾವು. ನನ್ನ ಮಗಳ ಊರಿಗೆ ಬಸ್ಸಿನ್ಯಾಗ ಹೋದ್ರ ಎರಡು ದಿನ. ಯಾರರೆ ಹಾರಿಸ್ಕೊಂಡು ಹೋಗ್ತೀನಿ ಅಂದ್ರ, ರೆಕ್ಕಿ ಇಲ್ದಿದ್ರೂ ಹತ್ತತೀನಿ."

"ನೀವು ಹತ್ತುತ್ತೀರಾ? ನಿಜ?" ಎಂದು ಕ್ಯಾಪ್ಟನ್ ಸುತ್ತ ನೋಡಿದರು. ಎಡ ರೆಕ್ಕೆಯ ಕೈಗಳೆಲ್ಲ ಮೇಲೆ ಹೋದವು. ಬಲ ರೆಕ್ಕೆಯವರು ಪರಸ್ಪರ ಮುಖ ನೋಡಿ, ಆಮೇಲೆ ಎತ್ತಿದರು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಮಾತು ಮತ್ತೆ ನೆರಳಿಗೇ ಬಂತು. ಎಲ್ಲರೂ ರಾಚವ್ವನನ್ನು ನೋಡುತ್ತಿದ್ದರು.

ರಾಚವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಮರೆತು ಹೋದದ್ದನ್ನ ಒಯ್ಯಾಕ ಬಂದಾರ. ಬ್ಯಾಡ ಅನ್ನಾಕ ನಾವ್ಯಾರು? ಒಯ್ಯವ್ವ. ನಿನ್ನ ಅನ್ನದ ದಾರಿ ಅದು. ನಾಳಿ ನಾ ಕಡೀ ಅಧ್ಯಾಯ ತೆರೀತೀನಿ. ಎಷ್ಟಾಕ್ಕೈತಿ ಅಷ್ಟು. ಪದ್ಯದ ನಡುವ ಮಾತ್ರ ಬರಬ್ಯಾಡ ಅಂತ ನಿನ್ನ ವಿಮಾನಕ್ಕ ಹೇಳು."

"ಸಂಜೆಗೆ ಬರುವುದು ಅಜ್ಜಿ. ಅವನಿಗೆ ಹೇಳಿದ್ದೇನೆ," ಎಂದರು ಕ್ಯಾಪ್ಟನ್.

ಮರುದಿನ ಊರಿಗೆ ಊರೇ ಬಯಲಿಗೆ ಬಂದಿತ್ತು. ನೆರಳು ಸಾಲದೆ ಜನ ಒತ್ತಿಕೊಂಡು ಕುಳಿತಿದ್ದರು. ಬಾಲದಲ್ಲಿ ಅಜ್ಜಂದಿರು ಒಬ್ಬರ ತೊಡೆಯ ಮೇಲೊಬ್ಬರು. ಸಮ್ಮೇಳನದ ಸಮಾರೋಪ ಬಿಟ್ಟು ನಾನೂ ಬಂದೆ. ಮೊದಲ ಸಾಲಿನ ಕುರ್ಚಿ ಅಂದು ಖಾಲಿ. ರಾಚವ್ವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನೂ ಒತ್ತಿಕೊಂಡೆ. ಎಂಬತ್ತರ ಸಮೀಪದ ಆ ಧ್ವನಿ ಮೊದಲು ನಡುಗಿತು, ಆಮೇಲೆ ತನ್ನ ದಾರಿ ಹಿಡಿಯಿತು. "ಮರಳಿ ಬಂದನು ಮನೆಗೆ ದೊರೆಮಗ, ನೆರಳು ಹಿಂದೆಯೆ ನಡೆದು ಬಂದಿತು, ಕರವ ಮುಗಿದವು ಹಾದಿ ಬದಿಯಲಿ ನಿಂತ ಮರವೆಲ್ಲ..."

ಆ 'ಮರವೆಲ್ಲ'ದ ಎಳೆಯ ಮೇಲೆಯೇ ದೂರದಲ್ಲಿ ಒಂದು ಗುಂಯ್ ಎನ್ನುವ ಸದ್ದು ಸೇರಿಕೊಂಡಿತು. ಹಿಂದಿನಿಂದ ಒಳ್ಳೆಯ ಗಾಳಿ ಸಿಕ್ಕಿತೆಂದು ಆ ಪೈಲಟ್ ಹೊತ್ತಿಗೆ ಮೊದಲೇ ಬಂದಿದ್ದ. ಬಿಳಿಯ ವಿಮಾನ ಬಯಲನ್ನು ದಾಟಿತು. ನಮ್ಮ ಕೆಳಗಿದ್ದ ನೆರಳು ಒಮ್ಮೆ ಮೈ ಕೊಡವಿತು. ಕೊರಳ ಗಂಟೆ ಕೇಳಿದ ಕರುವಿನ ಹಾಗೆ ಎದ್ದು, ಜನರ ಮೈಮೇಲಿನಿಂದ, ರಾಚವ್ವನ ಬಿಳಿಯ ತಲೆಯ ಮೇಲಿನಿಂದ ಹರಿದು, ಕಾವಲಿನ ಗೋಡೆ ಹತ್ತಿ ಇಳಿದು, ರನ್‌ವೇಯ ಮೇಲೆ ಚಕ್ರದ ಜೊತೆ ಕೂಡಿಕೊಂಡಿತು. ಅದನ್ನು ನೋಡಿದವರಿಗೆ ಸಿಟ್ಟು ಮಾಡಲು ಆಗುವುದಿಲ್ಲ. ಅಷ್ಟು ಸಂತೋಷವಾಗಿ ಓಡಿತು ಅದು.

ಬಿಸಿಲು ಬಡಿಯಿತು. ಹತ್ತು ವರ್ಷ ಬಿಸಿಲು ಕಾಣದ ಮಣ್ಣು ನಮ್ಮೆಲ್ಲರ ನಡುವೆ ತಿಳಿಬಣ್ಣದ ವಿಮಾನದ ಹಾಗೆ ಮಲಗಿತ್ತು. ಹೆಂಗಸರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು. ರಾಚವ್ವನ ಬಾಯಿ ತೆರೆದೇ ಇತ್ತು. ಮೂರನೆಯ ಸಾಲು ಮುಗಿದು, ನಾಲ್ಕನೆಯದು ಬರಬೇಕಾದ ಜಾಗ. ನಾನು ಹೂಂ ಎನ್ನಬೇಕಾದ ಜಾಗ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅವಳು ಬಾಯಿ ಮುಚ್ಚಿದಳು.

"ಮುಗಿಸಿಬಿಡಬೇ, ಮೂರ ಸಾಲು," ಎಂದ ದುರ್ಗಪ್ಪ. "ನಾವು ಸುಟ್ರೂ ಚಿಂತಿಲ್ಲ."

"ನೆರಳಿನ್ಯಾಗ ತೆರೆದದ್ದು ಬಿಸಲಾಗ ಹೆಂಗ ಮುಂದುವರೀತದೋ? ನಿಮ್ಮಪ್ಪ ಮಾಡಿದ ಕಟ್ಟಳಿ ಏನು, ನಿನಗ ಬೇಕಾದಾಗ ಮುರಿಯಾಕ?"

"ಹಂಗಾದ್ರ ಉಣ್ಣೂದು?"

ಅವಳು ಎದ್ದು ಮನೆಗೆ ನಡೆದಳು. ಅಂದು ಅವಳ ಒಲೆ ಹೊತ್ತಲಿಲ್ಲ. ನೆರೆಯವರು ಹಾಲು ಒಯ್ದರು, ಬಾಳೆಹಣ್ಣು ಒಯ್ದರು. ಗದರಿದರು, ಕಾಲು ಹಿಡಿದರು. "ಬಾಯಾಗ ಪದ್ಯ ಐತಿ," ಎಂದು ಸನ್ನೆ ಮಾಡಿ ತೋರಿಸಿ, ಬಾಗಿಲಿನಿಂದಲೇ ಕಳುಹಿಸಿದಳು.

ಸಂಜೆ ನಾನು ರನ್‌ವೇಯ ಕಡೆ ಹೋದೆ. ಕ್ಯಾಪ್ಟನ್ ತಮ್ಮ ವಿಮಾನದ ಮೂತಿ ಒರೆಸುತ್ತಿದ್ದರು. ಇಳಿಬಿಸಿಲಿಗೆ ಅದರ ನೆರಳು ಉದ್ದವಾಗಿ ಚಾಚಿಕೊಂಡಿತ್ತು. ಉತ್ತಮಚಂದ್ ಸಾಹೇಬರು ಅದರ ಸುತ್ತ ಒಂದು ಸುತ್ತು ಬಂದು, ನೆರಳನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿ, "ಗಟ್ಟಿಯಿದೆ. ನಾಳೆ ನಸುಕಿನಲ್ಲಿ ನಮ್ಮ ಜೊತೆಗೇ ಹೊರಡಿ ಕ್ಯಾಪ್ಟನ್. ನಮ್ಮ ಬಣ್ಣ ಬಳಿಸಿಬಿಡೋಣ," ಎಂದು ಕೈ ಕುಲುಕಿ ಹೋದರು.

ನಾನು ಕೇಳಬೇಕೆಂದು ಹೋಗಿದ್ದೆ: ಒಂದು ವಾರ ಈ ನೆರಳನ್ನು ನಮಗೆ ಬಿಟ್ಟುಹೋಗಿ ಎಂದು. ಆದರೆ ಹುಟ್ಟಾ ಕೇಳುಗನಿಗೆ ಬೇಡುವ ಮಾತು ಬಾಯಿಗೆ ಬರುವುದಿಲ್ಲ. ಅವರೇ ಮಾತಾಡಿದರು. ರಾಜಧಾನಿಯ ಬಗ್ಗೆ, ಅಲ್ಲಿ ದೊಡ್ಡ ಕಂಪನಿಯ ಬಣ್ಣದಲ್ಲಿ ಅವರ ವಿಮಾನ ಯಾವುದೆಂದು ಅವರಿಗೇ ಗುರುತು ಸಿಗಲಿಕ್ಕಿಲ್ಲ ಎಂಬ ಬಗ್ಗೆ, ಗಿರಾಕಿಯನ್ನಿಳಿಸಿ ಖಾಲಿ ಬರುವಾಗ ಹಿಂದಿನ ಸೀಟುಗಳ ಬೆಲ್ಟುಗಳು ಒಂದಕ್ಕೊಂದು ತಾಗಿ ಮಾಡುವ ಸದ್ದಿನ ಬಗ್ಗೆ. ನಾನು ಹೂಂ ಎನ್ನುತ್ತಿದ್ದೆ. ಕೊನೆಗೆ ಬಟ್ಟೆಯನ್ನು ಹಿಂಡಿ ಕೇಳಿದರು, "ಅಜ್ಜಿ ಆ ಪದ್ಯ ಮುಗಿಸಿದರಾ?"

"ಇಲ್ಲರಿ. ಉಂಡಿಲ್ಲ."

"ಎಂತಕ್ಕೆ ಉಂಡಿಲ್ಲ?"

ಕಟ್ಟಳೆ ಹೇಳಿದೆ. ಅವರು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಯಲಿನ ಕಡೆ ತಿರುಗಿದರು. "ನಿಮ್ಮ ಜನ ತುಂಬ ಹಟದವರು ಮಾರಾಯ್ರೆ," ಎಂದರು. ಶುಭರಾತ್ರಿ ಎಂದರು. ಅಷ್ಟೇ.

ಮರುದಿನ ನಸುಕಿನಲ್ಲಿ ಮಲಗಿದಲ್ಲಿಂದಲೇ ಎಂಜಿನ್ನುಗಳ ಸದ್ದು ಕೇಳಿದೆ. ಒಂದರ ಹಿಂದೊಂದು ಎದ್ದು, ಬಾಗಿ, ದೂರವಾದವು. ಯಾವುದು ಯಾರದೆಂದು ತಿಳಿಯಲಿಲ್ಲ. ಸದ್ದು ನಿಂತ ಮೇಲೆ ಜಪಕ್ಕೆ ಕುಳಿತೆ, ಮನಸ್ಸು ನಿಲ್ಲಲಿಲ್ಲ. ಭವನಕ್ಕೆ ಹೋಗಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿದೆ. ಭವನದ ಕಿಟಕಿಯಿಂದ ಕಂಡಷ್ಟು ರನ್‌ವೇ ಖಾಲಿ. ಬಾಡಿದ ಹಾರಗಳನ್ನು ಒಂದು ಆಡು ತಿನ್ನುತ್ತಿತ್ತು.

ನೆತ್ತಿ ಸುಡುವ ಹೊತ್ತಿಗೆ ರಾಚವ್ವ ಕೋಲೂರಿಕೊಂಡು ಬಯಲಿಗೆ ಬಂದಳು. ಯಾಕೆಂದು ಕೇಳಿದರೆ, "ಪದ್ಯ ಅರ್ಧಕ್ಕ ಬಿಟ್ಟ ಜಾಗಾದಾಗ ಕುಂದರತೀನಿ. ಅದು ನನ್ನ ಬಿಟ್ಟು ಹೋಗಬಾರ್ದು," ಎಂದಳು. ತುಟಿ ಒಣಗಿ ಬಿರಿದಿದ್ದವು. ಆ ತಿಳಿಬಣ್ಣದ ಮಣ್ಣಿನ ಮೂತಿಯಲ್ಲಿ ಕುಳಿತಳು. ನಾನು ಎದುರು ಕುಳಿತೆ. ನೆಲ ಹೆಂಚಿನ ಹಾಗಿತ್ತು. ಒಬ್ಬೊಬ್ಬರೇ ಬಂದರು, ಒದ್ದೆ ಟವೆಲ್ಲು ತಲೆಗೆ ಹಾಕಿಕೊಂಡು, ತಮ್ಮ ತಮ್ಮ ರೆಕ್ಕೆಗಳಲ್ಲಿ, ಇಲ್ಲದ ರೆಕ್ಕೆಗಳಲ್ಲಿ ಕುಳಿತರು. ಒಬ್ಬರು ರಾಚವ್ವನ ತಲೆಯ ಮೇಲೆ ಸೆರಗು ಹಿಡಿದರೆ ಅವಳು ಸರಿಸಿದಳು. ಎಡ ರೆಕ್ಕೆಯಲ್ಲಿ ಒಂದು ಜಾಗ ಖಾಲಿಯಿತ್ತು. "ಫಾತಿಮಾಬಿ ಎಲ್ಲಿ?" ಎಂದು ಯಾರೋ ಕೇಳಿದರು.

ಅಷ್ಟರಲ್ಲಿ ದುರ್ಗಪ್ಪ ಮಾರ್ಕೆಟ್ಟಿನ ಕಡೆಯಿಂದ ಓಡಿಬಂದ. ಧೋತರದ ತುದಿ ಕೈಯಲ್ಲಿ. "ಏಳ್ರೀ, ಏಳ್ರೀ, ಸರೀರಿ!"

"ಏನಾತೋ? ಯಾಕ ಸರೀಬೇಕು?"

"ಎಲ್ಲಿ ಬೀಳತೈತಿ ಗೊತ್ತಿಲ್ಲ!" ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಆ ಕ್ಯಾಪ್ಟನ್ ಬಾಯಿ ಹೋಗಿಲ್ಲ! ಬೆಳಿಗ್ಗೆ ಮಾರ್ಕೆಟ್ಟಿಗೆ ಬಂದಿದ್ರು. ಅವತ್ತು ಕೈ ಎತ್ತಿದವರು ಯಾರ್ಯಾರು, ಬರ್ರಿ ಅಂದ್ರು. ದಿನಾ ಮಧ್ಯಾಹ್ನ ಇಲ್ಲಿಂದ ಹೊಂಡೂದು, ಸಂಜೀಕ ಹೋದವರನ್ನ ಕರ್ಕೊಂಡು ತಿರುಗಿ ಬರೂದು. ನಮ್ಮ ಊರಿನ ಮಂದಿಗೇ ಟ್ಯಾಕ್ಸಿ. ನಮಗ ನೆರಳಿನ ಹೆದರಿಕಿ ಇಲ್ಲಲ್ಲ, ಅದಕ್ಕ! ಹೋಗೂದೂ ನಾವ, ಬರೂದೂ ನಾವ, ಖಾಲಿ ಅನ್ನೂದ ಇಲ್ಲ ಅಂತ. ಆ ದೊಡ್ಡ ಕಂಪನಿ ಸಾಹೇಬ ಇವರ ಮ್ಯಾಲೆ ಸಿಟ್ಟಾಗಿ ನಸುಕಿನ್ಯಾಗ ಹೋದ."

"ಫಾತಿಮಾಬಿ?"

ದುರ್ಗಪ್ಪ ಬೆರಳಿನಿಂದ ರನ್‌ವೇಯ ಕಡೆ ತೋರಿಸಿದ. ರನ್‌ವೇಯ ಆ ತುದಿಯ ಶೆಡ್ಡಿನಿಂದ ಆಗಲೇ ಸದ್ದು ಹೊರಟಿತ್ತು. ಬಿಳಿಯ ವಿಮಾನ ಓಡಿ ಬಂತು, ಮೂತಿ ಎತ್ತಿತು, ಕಾವಲಿನ ಗೋಡೆಯನ್ನು ದಾಟಿತು. ಅದರ ನೆರಳು ಕೆಳಗೆ ಓಡಿಬರುತ್ತಿತ್ತು. ಗೋಡೆ ಹತ್ತಿತು, ಇಳಿಯಿತು. ಸಾವಧಾನವಾಗಿ, ತುಂಬಿದ ಕೊಡ ಹೊತ್ತವಳು ತಿರುಗುವ ಹಾಗೆ, ವಿಮಾನ ನಮ್ಮ ನೆತ್ತಿಯ ಮೇಲೆ ಬಾಗಿತು. ನೆರಳು ಕಳಚಿ ಬಯಲಿನಲ್ಲಿ ಬಿತ್ತು. ರಾಚವ್ವನ ಕುಪ್ಪಸದ ಮೇಲೆ, ನನ್ನ ಕೈಗಳ ಮೇಲೆ, ಸುಡುವ ನೆಲದ ಮೇಲೆ ಆ ಹಳೆಯ ತಂಪು ಬಿತ್ತು.

ಕೂಗಾಟ ಎದ್ದಿತು. ನೆರಳು ಹಳೆಯ ಅಚ್ಚಿನ ಮೇಲೆಯೇ ಬಿದ್ದಿರಲಿಲ್ಲ. ಎರಡು ಮಾರು ಸರಿದು, ತಿರುಗಿ ಬಿದ್ದಿತ್ತು. ಮೂತಿ ಇದ್ದ ಕಡೆ ಬಾಲ, ಬಾಲ ಇದ್ದ ಕಡೆ ಮೂತಿ. ಹೆಂಗಸರು ಕುಳಿತಿದ್ದದ್ದು ಬಲ ರೆಕ್ಕೆಯಾಯಿತು, ಗಂಡಸರದ್ದು ಎಡ. ಬಾಲದಲ್ಲಿದ್ದ ಅಜ್ಜಂದಿರು ತಾವೀಗ ಮೂತಿಯಲ್ಲಿ ಇದ್ದೇವೆಂದು ಮೀಸೆ ತಿರುವಿದರು. "ಏ, ಎದ್ದು ಆ ಕಡೆ ಹೋಗ್ರೋ! ರೆಕ್ಕಿ ಬದಲಾಗ್ಯಾವು!" ಎಂದು ಒಬ್ಬಳು, "ಎದ್ದ್ರ ಬಿಸಲು, ಇಲ್ಲೇ ಇರ್ತೀವಿ, ಇವತ್ತೊಂದಿನ ನಾವ ಹೆಂಗಸರು!" ಎಂದು ಒಬ್ಬ.

ರಾಚವ್ವ ಕೋಲು ನೆಲಕ್ಕೆ ಕುಟ್ಟಿದಳು. ಸದ್ದಡಗಿತು. ತಾನು ಬಾಲದಲ್ಲಿ ಕುಳಿತಿದ್ದೇನೆಂದು ಅವಳಿಗೂ ಗೊತ್ತಿತ್ತು. ಕದಲಲಿಲ್ಲ. ನಿನ್ನೆಯಿಂದ ಏನೂ ಮುಟ್ಟದೆ ಒಣಗಿದ ಬಾಯಿಂದ ಪದ್ಯದ ಧ್ವನಿ ಹೊರಡುತ್ತದೋ ಇಲ್ಲವೋ ಎಂದು ನನಗೆ ಭಯವಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಯಾಕೆಂದು ತಿಳಿಯಿತು. ನಿನ್ನೆ ಅವಳು ಬಿಟ್ಟಲ್ಲಿಂದ ಅವಳ ಸಾಲು ಬರಬೇಕಾದರೆ ಮೊದಲು ನನ್ನದು ಬರಬೇಕಿತ್ತು.

"ಹೂಂ," ಎಂದೆ.

"ಇರದೆ ಬಂದಳು ತಾಯಿ ಬಾಗಿಲ, ತೆರೆದು ಕರೆದಳು ಬಾರೊ ಕಂದನೆ, ಹರುಷವೆಂಬುದು ಊರಿಗೆಲ್ಲಾ ನೆರಳ ತಂಪಂತೆ."

ಮೇಲೆ ಎಂಜಿನ್ನಿನ ಸದ್ದು ಸಣ್ಣದಾಗುತ್ತ ಹೋಯಿತು. ರಾಚವ್ವ ಕೈ ಚಾಚಿದಳು, ಯಾರೋ ಅವಳ ಅಂಗೈಯಲ್ಲಿ ಒಂದು ಬಾಳೆಹಣ್ಣು ಇಟ್ಟರು. ಅದನ್ನು ಸುಲಿಯುತ್ತ ಅವಳು ಆಕಾಶದ ಕಡೆ ನೋಡಿ, ಫಾತಿಮಾಬಿಯ ಖಾಲಿ ಜಾಗದ ಕಡೆ ನೋಡಿ, ಎಲ್ಲರಿಗೂ ಹೇಳಿದಳು: "ಇವತ್ತಿಗೆ ಇಷ್ಟ ಸಾಕು. ಆಕಿ ಸಂಜೀಕ ಬರ್ತಾಳ. ಮುಂದಿನ ಪದ್ಯ ನಾಳಿ. ಇಲ್ಲಾಂದ್ರ ನನ್ನ ಬಿಟ್ಟು ಓದಿದ್ರಿ ಅಂತ ವರ್ಷಾನಗಟ್ಟಲೆ ಬೈತಾಳ."